ಬಾಣಂತಿ ಕೋಣೆಯ ಗಾಳಿ

೧೯೮೪ರ ಡಿಸೆಂಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಓಕ್ಲ್ಯಾಂಡ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಗ್ಯಾಸ್ ಕಂಪನಿಯವನೊಬ್ಬ ಬಂದು, ಮನೆಯನ್ನು ಬೆಚ್ಚಗಿಡುವ ಫರ್ನೇಸನ್ನು ಆರಿಸಿ, ಅದಕ್ಕೊಂದು ಕೆಂಪು ಚೀಟಿ ಕಟ್ಟಿ ಹೋದ. ರಿಪೇರಿಯಾಗುವವರೆಗೆ ಹೊತ್ತಿಸಕೂಡದು ಎಂದು ಅದರಲ್ಲಿ ಬರೆದಿತ್ತು. ಫರ್ನೇಸಿನ ಗೂಡಿನ ಬಾಗಿಲಿನಿಂದ ಕಿತ್ತ ಬಟ್ಟೆಯ ತುಂಡುಗಳನ್ನು ಅವನು ನೆಲದ ಮೇಲೆ ಗುಡ್ಡೆ ಹಾಕಿದ್ದ. ಮರುದಿನ ನಾನು ಅವನ್ನು ನೋಡಿದೆ. ಅಮ್ಮನ ಹಳೆಯ ಹತ್ತಿ ಸೀರೆಯ ತುಂಡುಗಳು. ಒಗೆದೊಗೆದು ಬೆಣ್ಣೆಯಷ್ಟು ಮೆತ್ತಗಾದವು, ಅಂಚಿನ ಹಸಿರು ಮಾತ್ರ ಇನ್ನೂ ಹಟ ಬಿಡದೆ ಉಳಿದಿತ್ತು.

ಹಳೆಯ ಸೀರೆಯ ಮಹಿಮೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಮಗುವಿಗೆ ಹಾಸಲು, ಹೊದಿಸಲು, ಬಾಣಂತಿಯ ಸೊಂಟಕ್ಕೆ ಬಿಗಿಯಲು, ಕಿವಿಗೆ ಕಟ್ಟಲು ಅದಕ್ಕಿಂತ ಒಳ್ಳೆಯ ಬಟ್ಟೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ನನ್ನ ಬಾಣಂತನಕ್ಕೆಂದು ಮೈಸೂರಿನಿಂದ ಮೊದಲ ಸಲ ವಿಮಾನ ಹತ್ತಿದ ಅಮ್ಮ ಓಮ, ಶುಂಠಿ, ಸಾಂಬ್ರಾಣಿಗಳ ಜೊತೆಗೆ ಇಂಥ ಸೀರೆಗಳ ಒಂದು ಗಂಟನ್ನೇ ತಂದಿದ್ದಳು. ಬಂದವಳು ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಎಲ್ಲೆಲ್ಲಿ ಗಾಳಿ ನುಸುಳುತ್ತದೆಂದು ಅಂಗೈ ಹಿಡಿದು ನೋಡಿದಳು. ಬಾಣಂತಿಗೆ ಗಾಳಿ ಶತ್ರು. ಕಿಟಕಿಯ ಸಂದಿಗೆ ಒಂದು ತುಂಡು, ಬಾಗಿಲ ಅಡಿಗೆ ಒಂದು ತುಂಡು. ಹಜಾರದ ಮೂಲೆಯಲ್ಲಿ, ನನ್ನ ಕೋಣೆಯ ಪಕ್ಕದಲ್ಲೇ, ಬೀರುವಿನಂಥ ಒಂದು ಗೂಡಿತ್ತು. ಅದರ ಮರದ ಬಾಗಿಲಿನ ಪಟ್ಟಿಗಳ ನಡುವೆ ಉದ್ದಕ್ಕೂ ಸಂದುಗಳು. ಅಲ್ಲೂ ಗಾಳಿ ಓಡಾಡುತ್ತಿತ್ತು. ಪ್ರತಿ ಸಂದಿಗೂ ಸೀರೆಯ ಒಂದೊಂದು ಮಡಿಕೆ ತುರುಕಿ ಅಮ್ಮ ಕೈ ಕೊಡವಿಕೊಂಡಳು.

ನಾನು ಹುಟ್ಟಿದ ಮೈಸೂರಿನ ಮನೆಯಲ್ಲೂ ಬಾಣಂತಿ ಕೋಣೆ ಇದ್ದದ್ದು ಹೀಗೆಯೇ. ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರಲ್ಲಿ ಕೆಂಡ, ಕೆಂಡದ ಮೇಲೆ ಚಿಟಿಕೆ ಓಮ. ಚಿಕ್ಕಮ್ಮಂದಿರು ಅದರ ಮೇಲೆ ಒದ್ದೆ ಕೂದಲು ಹರಡಿಕೊಂಡು ಮಲಗುತ್ತಿದ್ದರು. ನಾವು ಮಕ್ಕಳು ಕದ್ದು ಒಳಹೊಕ್ಕು, ಆ ಹೊಗೆಯ ವಾಸನೆಯನ್ನು ಬಟ್ಟೆಗೆ ಹತ್ತಿಸಿಕೊಂಡು ಹೊರಬಂದು ಸಿಕ್ಕಿಬೀಳುತ್ತಿದ್ದೆವು. ಕಿಟಕಿ ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ಮೇಲೆ ಹೆಂಚುಗಳ ನಡುವಿನ ಸಂದಿಯಿಂದ ಬಿಸಿಲಿನ ಬಿಲ್ಲೆಗಳು ನೆಲಕ್ಕೆ ಬೀಳುತ್ತಿದ್ದವು. ಬಿಸಿಲು ಬರುವ ದಾರಿಯಲ್ಲಿ ಹೊಗೆ ಹೋಗುತ್ತಿತ್ತು. ಅದು ಯಾರೂ ಯೋಚಿಸಿ ಮಾಡಿದ ಏರ್ಪಾಡಲ್ಲ. ಮಳೆಗಾಲದಲ್ಲಿ ಆ ಸಂದುಗಳನ್ನು ಬೈಯುತ್ತಲೇ ನಾವೆಲ್ಲ ಬೆಳೆದೆವು.

ಓಕ್ಲ್ಯಾಂಡ್‌ನ ಮನೆಗೆ ಹೆಂಚಿನ ಸಂದು ಇರಲಿಲ್ಲ. ಬಾಣಂತನದ ಎರಡನೆಯ ವಾರದಲ್ಲಿ ನನಗೆ ತಲೆನೋವು ಶುರುವಾಯಿತು. ಥಂಡಿ ಹತ್ತಿದೆ ಎಂದು ಅಮ್ಮ ಹೀಟರಿನ ಬಿಸಿ ಏರಿಸಿದಳು. ಅವಳಿಗೂ ತಲೆ ಸುತ್ತತೊಡಗಿತು. ವಿಮಾನದ ಆಯಾಸ ಇನ್ನೂ ಹೋಗಿಲ್ಲವೆಂದು ಹೇಳಿ ಬಿಸಿಯನ್ನು ಇನ್ನಷ್ಟು ಏರಿಸಿದಳು. ಹಗಲೆಲ್ಲ ಆಫೀಸಿನಲ್ಲಿರುವ ನನ್ನ ಗಂಡನಿಗೆ ಏನೂ ಆಗಿರಲಿಲ್ಲ. ಇಬ್ಬರಿಗೂ ನಿದ್ದೆ ಸಾಲದು ಎಂದು ಅವನ ತೀರ್ಮಾನ. ಮಗು ಮಾತ್ರ ಯಾರಿಗೂ ತೊಂದರೆ ಕೊಡದೆ ಮಲಗಿರುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಗಂಡ ಗ್ರೋಸರಿಗೆ ಹೋಗಿದ್ದಾಗ ಶಾಂತಕ್ಕ ಬಂದರು. ಧಾರವಾಡದವರು, ಓಕ್ಲ್ಯಾಂಡ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿ ಮುಗಿಸಿ ಮೆನ್ಲೋ ಪಾರ್ಕಿನ ಮನೆಗೆ ಹೋಗುವ ಮೊದಲು ನನಗೆ ಅಂಟಿನುಂಡೆ ಕೊಡಲು ನಿಂತಿದ್ದರು. ಕೂತವರು ಮಗುವಿನ ಕೆನ್ನೆ ತಟ್ಟಿದರು, ಅಂಗಾಲು ಕೆರೆದರು. ಅದು ಕಣ್ಣು ತೆರೆಯಲಿಲ್ಲ. ಯಾವಾಗ ಹಾಲು ಕುಡಿಯಿತೆಂದು ಕೇಳಿದರು.

“ಬಂಗಾರದಂಥ ಮಗು ಕಣಮ್ಮ, ಎಬ್ಬಿಸಿದ್ರೂ ಏಳಲ್ಲ,” ಎಂದಳು ಅಮ್ಮ. “ಇವಳಿದ್ಲಲ್ಲ, ವಸುಧಾ, ಇಡೀ ಬೀದೀನೇ ಎಬ್ಬಿಸ್ತಿದ್ಲು.”

ಶಾಂತಕ್ಕ ನಗಲಿಲ್ಲ. ನಮ್ಮಿಬ್ಬರಿಗೂ ತಲೆ ನೋಯುತ್ತಿದೆಯೇ, ಹೊಟ್ಟೆ ತೊಳಸುತ್ತದೆಯೇ ಎಂದು ಕೇಳಿದರು. ಹೌದೆಂದೆವು. ಅವರ ದೃಷ್ಟಿ ಕಿಟಕಿಯ ಸಂದಿಗೆ, ಅಲ್ಲಿಂದ ಹಜಾರದ ಮೂಲೆಯ ಗೂಡಿನ ಬಾಗಿಲಿಗೆ ಹೋಯಿತು. ಎದ್ದು ಹೀಟರ್ ಆರಿಸಿದರು.

“ಎಲ್ಲಾರೂ ಹೊರಗ ನಡೀರಿ. ಆಮ್ಯಾಲೆ ಮಾತಾಡೋಣಂತ.”

“ಹಸಿ ಬಾಣಂತೀನ ಈ ಚಳೀಲಿ ಹೊರಗೆ ಕರ್ಕೊಂಡು ಹೋಗ್ತೀಯಾ?” ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ನಿಂಗೆ ಯಾರೂ ಹೇಳಿಕೊಡೋರು ಇರ್ಲಿಲ್ವಾ?”

“ಒಲಿ ಬಾಯಿ ಮುಚ್ಚಿದ್ರ ಏನಾಗ್ತದ, ನಿಮಗ ಗೊತ್ತದರಿ ಅಮ್ಮಾರ. ಈ ಮನಿ ಒಲಿ ಆ ಬಾಗಿಲ ಹಿಂದದ.”

ಅಮ್ಮ ಆ ಬಾಗಿಲನ್ನು ನೋಡಿದಳು. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಅರ್ಧ ಆಯುಷ್ಯ ಕಳೆದವಳು. ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ನಮಗಿಂತ ಮೊದಲು ಹೊರಗೆ ನಡೆದಳು.

ಶಾಂತಕ್ಕನ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷಿಸಿದ ಡಾಕ್ಟರು ಕಾರ್ಬನ್ ಮಾನಾಕ್ಸೈಡ್ ಎಂದರು. ಬಣ್ಣವಿಲ್ಲ, ವಾಸನೆಯಿಲ್ಲ; ಉರಿಯುವ ಬೆಂಕಿಗೆ ಗಾಳಿ ಸಾಲದಾದಾಗ ಹುಟ್ಟುತ್ತದೆ; ಮನೆಯಿಂದ ಹೊರಗೆ ಹೋದರೆ ತಲೆನೋವು ಇಳಿದು, ಒಳಗೆ ಬಂದರೆ ಮರಳುವುದೇ ಅದರ ಸುಳಿವು. ಬಾಣಂತಿ ಹೊರಗೆ ಹೋಗುವುದೇ ಇಲ್ಲವಲ್ಲ, ಸುಳಿವು ಸಿಗುವುದೆಲ್ಲಿಂದ? ಮಗುವಿನ ಪುಟ್ಟ ಮುಖಕ್ಕೆ ಆಮ್ಲಜನಕದ ಮುಖವಾಡ ಹಿಡಿದರು. ಅಮ್ಮ ಗೋಡೆಗೊರಗಿ ನಿಂತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದಾಗ ಮಗು ಕೈಕಾಲು ಆಡಿಸಿತು, ಮುಖ ಕಿವುಚಿತು, ಆಮೇಲೆ ವಾರ್ಡೆಲ್ಲ ತಿರುಗಿ ನೋಡುವಂತೆ ಅಳತೊಡಗಿತು. ಅಳುವ ಮಗುವನ್ನು ಎಂದೂ ನೋಡುತ್ತ ನಿಂತವಳಲ್ಲ ಅಮ್ಮ. ಆವತ್ತು ಅವಳು ಅದನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ, ಶಾಂತಕ್ಕ ಆಸ್ಪತ್ರೆಯಿಂದ ಫೋನು ಮಾಡಿ ಕರೆಸಿದ್ದ ಗ್ಯಾಸ್ ಕಂಪನಿಯವನು ನನ್ನ ಗಂಡನಿಗೆ ಎರಡು ಕಾರಣ ತೋರಿಸಿದ್ದ. ಬೆಂಕಿಗೆ ಗಾಳಿ ಹೋಗುವ ಸಂದುಗಳು ಮುಚ್ಚಿದ್ದವು; ಹೊಗೆಯನ್ನು ಮಾಡಿನಾಚೆಗೆ ಒಯ್ಯುವ ಕೊಳವೆಯ ಜೋಡಣೆಯೂ ಸಡಿಲವಾಗಿತ್ತು. ಆ ಫರ್ನೇಸನ್ನು ಎಷ್ಟೋ ವರ್ಷಗಳಿಂದ ಯಾರೂ ಬಿಚ್ಚಿ ನೋಡಿರಲಿಲ್ಲ.

ಬೆಚ್ಚಗಿಡುವುದೆಂದರೆ ಮುಚ್ಚಿಡುವುದು ಎಂದು ನಾವು ನಂಬಿಕೊಂಡು ಬಂದದ್ದೇಕೆಂದು ಈಗಲೂ ಯೋಚಿಸುತ್ತೇನೆ. ನಮ್ಮ ಹಿರಿಯರು ಮುಚ್ಚುತ್ತಿದ್ದರು, ಮನೆಗಳು ತಮ್ಮ ಪಾಡಿಗೆ ತೆರೆದುಕೊಂಡಿರುತ್ತಿದ್ದವು. ಆ ಎರಡರ ನಡುವೆ ಎಷ್ಟೋ ಮಕ್ಕಳು ಬದುಕಿ ದೊಡ್ಡವರಾದೆವು. ಅಮ್ಮ ತನ್ನ ಪಾಲಿನ ಕೆಲಸವನ್ನು ಇಲ್ಲಿಯೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿದಳು. ಅಲ್ಲಿ ಹೆಂಚಿನ ಮನೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಾರಾದರೂ ನೆನಪಿಟ್ಟುಕೊಂಡು ಮಾಡಬೇಕಿತ್ತು. ಓಮದ ಹೊಗೆ ಎಲ್ಲಾದರೂ ಮೂಗಿಗೆ ಬಡಿದರೆ ಇಂದಿಗೂ ನನಗೆ ಮೊದಲು ನೆನಪಾಗುವುದು ಚಿಕ್ಕಮ್ಮಂದಿರ ಒದ್ದೆ ಕೂದಲು. ಭಯ ಬರುವುದು ಅದರ ಹಿಂದೆ, ಕೊಂಚ ತಡವಾಗಿ.

ಈ ಚಳಿಗಾಲ, ೧೯೮೮ರಲ್ಲಿ, ಅಮ್ಮ ಮತ್ತೆ ಬಂದಿದ್ದಾಳೆ, ಮಾರ್ಗನ್ ಹಿಲ್‌ನಲ್ಲಿರುವ ನನ್ನ ತಂಗಿಯ ಬಾಣಂತನಕ್ಕೆ. ಹೀಟರ್ ನೋಡುವವನು ಬಂದು ಹೋಗುವವರೆಗೆ ಸೂಟ್‌ಕೇಸ್ ಬಿಚ್ಚುವುದಿಲ್ಲವೆಂದು ಅಳಿಯನಿಗೆ ಹೇಳಿದಳಂತೆ. ಹೀಟರಿನವನು ನಿನ್ನೆ ಬೆಳಿಗ್ಗೆ ಬಂದು, ಫರ್ನೇಸ್ ಬಿಚ್ಚಿ ನೋಡಿ, ಕೊಳವೆ ಪರೀಕ್ಷಿಸಿ ಹೋದ. ಮಧ್ಯಾಹ್ನ ಅಮ್ಮ ಸೂಟ್‌ಕೇಸ್ ಬಿಚ್ಚಿದಳು.