ಸ್ಟೀಮ್ ಮಾಪಿಗೆ ಹೋಗದ ಎಂಜಲು

ಈ ಮಳೆಗಾಲದ ಒಂದು ಮಧ್ಯಾಹ್ನ, ಮುಂಬಯಿ ಕಾಂದಿವಲಿಯ ನಮ್ಮ ಫ್ಲ್ಯಾಟಿನಲ್ಲಿ, ಊಟ ಮುಗಿದ ಮೇಲೆ ಅತ್ತೆ ಮೇಜಿನ ಪಕ್ಕ ಜಾರಿ ಬಿದ್ದರು. ಸಾರಿನ ಪಾತ್ರೆ ಒಳಗಿಟ್ಟು ನಾನು ಅಡುಗೆಮನೆಯ ಬಾಗಿಲಿಗೆ ಬಂದಿದ್ದೆ, ಹಾಗಾಗಿ ಪೂರ್ತಿ ನೋಡಿದೆ. ಎಡಗಾಲು ಮುಂದಕ್ಕೆ ಹೋಯಿತು. ಕೈ ಕುರ್ಚಿಯನ್ನು ಹುಡುಕಿತು. ಕುರ್ಚಿ ಸಿಕ್ಕಿತು, ಆದರೆ ಅದೂ ಅವರ ಜೊತೆಗೇ ಸರಿಯಿತು. ಆಮೇಲೆ ಕೇಳಿದ ಸದ್ದಿನ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಮಣಿಕಟ್ಟು ಊದಿಕೊಂಡಿತು, ಮೂಳೆ ಮುರಿದಿರಲಿಲ್ಲ. ಇನ್ನೊಮ್ಮೆ ಬಿದ್ದರೆ ಸೊಂಟದ ಮೂಳೆಯ ಭರವಸೆ ಇಲ್ಲ ಎಂದರು ಡಾಕ್ಟರು.

ಅಂದಿನಿಂದ ಮನೆಯೊಳಗೆ ನಡೆಯುವಾಗಲೂ ನನ್ನ ಕಣ್ಣು ನೆಲದ ಮೇಲೆಯೇ. ಮುಂಬಯಿಯ ಮಳೆಗಾಲದಲ್ಲಿ ಒರೆಸಿದ ಟೈಲ್ಸ್ ಬೇಗ ಒಣಗುವುದಿಲ್ಲ. ತಪ್ಪು ಕೆಲಸದವಳ ಒದ್ದೆ ಮಾಪಿನದೇ ಎಂದು ನಾನೂ ಗಂಡನೂ ತೀರ್ಮಾನಿಸಿಬಿಟ್ಟೆವು. ಗಂಡ ಮೊಬೈಲಿನಲ್ಲಿ ಸ್ಟೀಮ್ ಮಾಪಿನ ವಿಡಿಯೋ ನೋಡತೊಡಗಿದ. ಕೋಲಿನಂಥ ಯಂತ್ರ, ಅದರಲ್ಲೊಂದು ನೀರಿನ ಟ್ಯಾಂಕು, ತುದಿಗೆ ಬಟ್ಟೆ. ಬಿಸಿ ಹಬೆಯಲ್ಲಿ ಒರೆಸುವುದರಿಂದ ನೆಲ ಕೂಡಲೇ ಒಣಗುತ್ತದಂತೆ. ಒಂದು ವಿಡಿಯೋದಲ್ಲಿ ಟೈಲ್ಸಿನ ಸಂದು ಹಾಳಾಗುತ್ತದೆ ಎಂದರೆ ಇನ್ನೊಂದರಲ್ಲಿ ಹೊಳೆಯುತ್ತದೆ ಎನ್ನುತ್ತಿದ್ದರು. ಕೊಳ್ಳುವುದೋ ಬೇಡವೋ ಎಂದು ದಿನಾ ಅದೇ ಮಾತು. ಕೇಳಿ ಕೇಳಿ ಸಾಕಾಗಿ, ಬಾಂದ್ರಾದ ಆಫೀಸಿನ ಗೆಳತಿಯೊಬ್ಬಳ ಯಂತ್ರವನ್ನು ಒಂದು ವಾರದ ಮಟ್ಟಿಗೆ ಕೇಳಿ ತಂದೆ. ಲೋಕಲ್‌ನಲ್ಲಿ ಅದನ್ನು ಮಗುವಿನ ಹಾಗೆ ಅಪ್ಪಿಕೊಂಡು ನಿಂತಿದ್ದಾಗ ಒಬ್ಬಾಕೆ, "ದೀದಿ, ಇಸ್ಕಾ ಭೀ ಪಾಸ್ ನಿಕಾಲಾ ಕ್ಯಾ?" ಎಂದಳು. ಆ ಯಂತ್ರಕ್ಕೂ ರೈಲ್ವೆ ಪಾಸು ಮಾಡಿಸಿದ್ದೇನೋ ಎಂದು ಬೋಗಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಶನಿವಾರ ಊಟವಾದ ಮೇಲೆ ಮೇಜಿನ ಕೆಳಗೆ ಅದನ್ನು ಓಡಿಸಿದೆ. ವಿಡಿಯೋದಲ್ಲಿ ಹೇಳಿದಷ್ಟನ್ನೂ ಯಂತ್ರ ಮಾಡಿತು. ನೆಲಕ್ಕೆ ಅಂಗೈ ಇಟ್ಟು ನೋಡಿದೆ; ಬೆಚ್ಚಗಿತ್ತು, ಒಣಗಿತ್ತು.

"ಒರೆಸಿ ಆಯ್ತಾ?" ಎಂದರು ಅತ್ತೆ.

"ಆಯ್ತು, ಅತ್ತೆ."

"ನೀರೇ ಕಾಣುದಿಲ್ಲ. ಎಂಜಲು ಹೋದದ್ದು ಹೇಗೆ ಗೊತ್ತಾಗುದು?"

ಉಂಡ ಜಾಗಕ್ಕೆ ನೀರು ಬಿದ್ದು, ಬಟ್ಟೆ ಆಡಿದರೆ ಮಾತ್ರ ಎಂಜಲು ಹೋದಂತೆ. ನೆಲದ ಮೇಲೆ ಎಲೆ ಹಾಕಿ ಉಣ್ಣುತ್ತಿದ್ದ ಕಾಲದ ಕ್ರಮ ಅದು. ಉಡುಪಿಯಿಂದ ಮುಂಬಯಿಯ ಚಾಳಿನ ಒಂದು ಕೋಣೆಗೆ, ಚಾಳಿನಿಂದ ಬಿಲ್ಡಿಂಗಿಗೆ ಅದು ಅತ್ತೆಯ ಜೊತೆಗೇ ಬಂದಿದೆ. ಊಟ ಮೇಜಿಗೆ ಏರಿದರೂ ಕ್ರಮ ಮಾತ್ರ ನೆಲದಲ್ಲೇ ಉಳಿದಿದೆ.

"ಅಮ್ಮಾ, ಒಳಗಿರುವುದೂ ನೀರೇ. ಬಿಸಿಯಾಗಿ ಹಬೆಯಾಗಿ ಬರ್ತದೆ ಅಷ್ಟೆ" ಎಂದ ಗಂಡ.

"ಹಬೆಯಲ್ಲಿ ಇಡ್ಲಿ ಬೇಯಿಸುದು ಮಾರಾಯ. ನೆಲ ಒರೆಸುವವರುಂಟಾ?"

ಪಾತ್ರೆ ತೊಳೆಯಲು ನಾನು ಒಳಗೆ ಹೋದೆ. ಗಂಡ ಬಾಲ್ಕನಿಗೆ ಹೋದ. ಏನೋ ಅನುಮಾನ ಬಂದು ನಾನು ಹಿಂದಕ್ಕೆ ಬಂದರೆ, ಅತ್ತೆ ಚೊಂಬಿನಿಂದ ನೀರು ಚಿಮುಕಿಸಿ, ಬಟ್ಟೆಯ ಮೇಲೆ ಎಡಗಾಲಿಟ್ಟು, ಬಲಗಾಲೊಂದರ ಮೇಲೆ ನಿಂತು ನೆಲ ಒರೆಸುತ್ತಿದ್ದರು. ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ನಾನು ಕೂಗಲಿಲ್ಲ. ಕೂಗಿದರೆ ತಿರುಗುತ್ತಾರೆ, ತಿರುಗಿದರೆ ಬೀಳುತ್ತಾರೆ. ಹತ್ತಿರ ಹೋಗಿ ಎರಡೂ ತೋಳು ಹಿಡಿದುಕೊಂಡೆ.

"ಅವತ್ತು ಬಿದ್ದದ್ದೂ ಹೀಗೆಯಾ, ಅತ್ತೆ?"

"ಮತ್ತೆಂತ ಮಾಡುದು? ಬಗ್ಗಲಿಕ್ಕೆ ಆಗುದಿಲ್ಲ."

"ನನಗೆ ಹೇಳಬಹುದಿತ್ತಲ್ಲ."

"ನೀನು ಇರುದು ಶನಿವಾರ, ಆದಿತ್ಯವಾರ. ನಾನು ಉಣ್ಣುದು ದಿನಾ."

ಕೆಲಸದವಳು ಬೆಳಿಗ್ಗೆಯೇ ಒರೆಸಿ ಹೋಗುತ್ತಾಳೆ. ಅವಳ ನೀರು ಅವತ್ತು ಊಟದ ಹೊತ್ತಿಗೆ ಒಣಗಿರಬೇಕು. ಬೀಳಿಸಿದ್ದು ಈ ಚೊಂಬಿನ ನೀರು. ಅಷ್ಟು ಸರಿಯಾಗಿ ನೋಡಿದ್ದೇನೆ ಎಂದುಕೊಂಡಿದ್ದ ನನಗೆ ಕಾಲಡಿಯ ಬಟ್ಟೆ ಕಂಡಿರಲಿಲ್ಲ. ಒಣಗಿಸಿದ ನೆಲಕ್ಕೆ ಮತ್ತೆ ನೀರು ಹಾಕುವವರಿದ್ದರೆ ಯಾವ ಯಂತ್ರ ತಂದು ಏನು?

ಅವತ್ತೂ ಮರುದಿನವೂ ವಾದ ಮಾಡಿದೆವು. ನೀರು ಹಾಕದೆ ಬಿಡಿ ಎಂದರೆ, ಹಾಗಾದರೆ ನಿನ್ನ ಆಫೀಸಿನ ದಿನಗಳಲ್ಲಿ ನನಗೆ ಅನ್ನವೇ ಬೇಡ, ನೆಲ ಒರೆಸುವ ಕ್ರಮವಿಲ್ಲದ ಬಾಳೆಹಣ್ಣು ಸಾಕು ಎಂದರು ಅತ್ತೆ. ಬೆದರಿಕೆ ಅಲ್ಲ, ಸೋಮವಾರ ಹಾಗೆಯೇ ಮಾಡಿದರು. ಸಂಜೆ ನಾನು ಬಂದಾಗ ಅನ್ನದ ಪಾತ್ರೆ ಮುಟ್ಟದೆ ಇತ್ತು. ಹಸಿದು ತಲೆ ತಿರುಗಿ ಬೀಳುವುದಕ್ಕಿಂತ ಜಾರಿ ಬೀಳುವುದು ವಾಸಿಯೇ ಎಂದು ಗಂಡ ರೇಗಿದ. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದೆ.

"ನಿಂತು ಒರೆಸಬೇಡಿ. ಕುರ್ಚಿಯಲ್ಲಿ ಕೂತು ಕಾಲಲ್ಲಿ ಒರೆಸಿ. ಒಣಗುವ ತನಕ ಏಳಬೇಡಿ" ಎಂದೆ.

"ಕೂತು ನೆಲ ಒರೆಸುದಾ? ಯಾರಾದ್ರೂ ಕಂಡ್ರೆ ಎಂತ ಹೇಳಿಯಾರು?"

"ಬಿದ್ದವರನ್ನು ಎತ್ತಿಕೊಂಡು ಹೋಗುವಾಗ ಕಂಡರೆ ಎಂತ ಹೇಳ್ತಾರೆ?"

ಮರುದಿನ ನಾನು ರಜೆ ಹಾಕಿದೆ. ಊಟದ ನಂತರ ಅತ್ತೆ ಕುರ್ಚಿಯಲ್ಲಿ ಕೂತು, ಮುಖ ಸಿಂಡರಿಸಿಕೊಂಡೇ ಬಟ್ಟೆ ಆಡಿಸಿದರು. ನಾನು ಎದುರು ಕೂತೆ. ನೆಲ ಒಣಗುವ ತನಕ ಇಬ್ಬರೂ ಏಳಲಿಲ್ಲ.

ಯಂತ್ರ ಬಾಂದ್ರಾಕ್ಕೆ ಹಿಂದಿರುಗಿತು. ಹೇಗಿತ್ತು ಎಂದು ಕೇಳಿದ ಗೆಳತಿಗೆ ಚೆನ್ನಾಗಿದೆ, ನಾವು ಕೊಳ್ಳುವುದಿಲ್ಲ ಎಂದೆ. ಕಾರಣ ಹೇಳುವಷ್ಟು ತಾಳ್ಮೆ ಇರಲಿಲ್ಲ. ಈಗ ಊಟದ ಹೊತ್ತು ಕಳೆಯುತ್ತಲೇ ಆಫೀಸಿನಿಂದ ಮನೆಗೆ ಫೋನ್ ಮಾಡುತ್ತೇನೆ.

"ಒಣಗಿತಾ, ಅತ್ತೆ?"

"ಎಲ್ಲಿ ಒಣಗುದು ಈ ಮಳೆಗೆ? ಫೋನ್ ಇಡು. ನಾನು ಕೂತೇ ಇದ್ದೇನೆ."