ರಾಜಬಿಯ ಹತ್ತು ಕೌದಿಗಳು

ರಾಜಬಿ ಹೊಲಿದ ಕೌದಿ ಹೊದ್ದು ಮಲಗದ ಕೂಸು ತಾಳಿಕೋಟೆಯ ಆ ಓಣಿಯಲ್ಲಿ ಸಿಗುವುದು ಕಷ್ಟ. ಹಳೆಯ ಸೀರೆ, ಹರಿದ ಲುಂಗಿಗಳನ್ನು ಪದರು ಪದರಾಗಿ ಹಾಸಿ ಮೂವತ್ತೈದು ವರ್ಷ ಹೊಲಿದವಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡಲೇಬೇಕು. ಕೌದಿ ಹಸಿದಿರಬಾರದೆಂಬುದು ಅವಳ ಹಟ. ಇಷ್ಟು ಹೊಲಿದವಳ ಮನೆಯಲ್ಲಿ ಒಂದೂ ಉಳಿದಿಲ್ಲ. ಕೇಳಿದವರಿಗೆ ಇಲ್ಲ ಅನ್ನುವ ನಾಲಗೆ ಅವಳಿಗಿಲ್ಲ.

ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ಹುಮಾ ನಾಲ್ಕು ವರ್ಷದ ಹಿಂದೆ ತನ್ನ ಹಳೆಯ ಫೋನು ಕೊಟ್ಟು, "ಕೊಡೂಮುಂದ ಒಂದ್ ಫೋಟೋನಾರ ಹೊಡಕೊಂಡು ಇಟ್ಕೋ ಅಮ್ಮಾ" ಎಂದಿದ್ದಳು. ಅಷ್ಟನ್ನು ರಾಜಬಿ ಕಲಿತಳು. ಕಳಿಸುವುದನ್ನು ಕಲಿಯಲಿಲ್ಲ; ಯಾರಿಗೆ ಕಳಿಸಬೇಕಿತ್ತು?

ಈಗ ಕಳಿಸುವ ಹೊತ್ತು ಬಂದಿದೆ. ವಿಜಯಪುರದಲ್ಲಿ ಕೌದಿ ಹೊಲಿಯುವ ಹೆಂಗಸರದೊಂದು ಪ್ರದರ್ಶನ. ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ತಾನು ಹೊಲಿದ ಹತ್ತು ಕೌದಿಗಳ ಫೋಟೋ ಹಚ್ಚಬೇಕು. ಇವತ್ತು ಸಂಜೆ ಐದಕ್ಕೆ ಅದು ಮುಗಿಯುತ್ತದೆ. "ಚಿಂದಿ ಹೊಲಿಯೋದು ಏನ್ ದೊಡ್ಡ ಕೆಲಸ" ಅನ್ನಿಸಿಕೊಳ್ಳುತ್ತಲೇ ಮುದುಕಿಯಾದವಳಿಗೆ, ಗೋಡೆಯ ಮೇಲೆ ತನ್ನ ಕೌದಿ, ಅದರ ಕೆಳಗೆ ತನ್ನ ಹೆಸರು ನೋಡುವ ಆಸೆ ಹುಟ್ಟಿತ್ತು. ಹುಟ್ಟಿದ್ದೇ ತಡ, ನಿನ್ನೆ ಫೋನು ಮೆಟ್ಟಿಲ ಮೇಲಿಂದ ಬಿದ್ದು ಪರದೆ ಕಪ್ಪಾಯಿತು.

ಬಸ್ ಸ್ಟ್ಯಾಂಡಿನ ಎದುರು ನಬಿಲಾಲನ ಅಂಗಡಿ. ಮೊಬೈಲ್ ರಿಪೇರಿಯೂ ಅವನೇ, ಆನ್‌ಲೈನ್ ಅರ್ಜಿಯೂ ಅವನೇ. ರಾಜಬಿ ಅವನಿಗೆ ಖಾಲಾ, ಚಿಕ್ಕಮ್ಮನಿದ್ದಂತೆ. ಫೋನು ನೋಡಿ ಧೈರ್ಯ ಹೇಳಿದ.

"ಡಿಸ್‌ಪ್ಲೇ ಅಷ್ಟ ಹೋಗೇತಿ ಖಾಲಾ. ಒಳಗ ಜೀವ ಐತಿ. ಕೇಬಲ್ ಹಚ್ಚಿ ಕಂಪ್ಯೂಟರಿಗೆ ತಗೊಳ್ಳೂನು."

ಕೇಬಲ್ ಚುಚ್ಚಿದರೆ ಸದ್ದಿಲ್ಲ. ಬೇರೆ ಕೇಬಲ್ ತಂದ. ಕಂಪ್ಯೂಟರಿನ ಹಿಂದಿನ ಪೋರ್ಟಿಗೂ ಹಚ್ಚಿ ನೋಡಿದ. ಊಹೂಂ. ಕೊನೆಗೆ ಟಾರ್ಚ್ ಹಾಕಿ ಫೋನಿನ ಬಾಯೊಳಗೆ ಇಣುಕಿ ನಕ್ಕುಬಿಟ್ಟ.

"ಖಾಲಾ, ಇದರಾಗೂ ಒಂದ್ ಕೌದಿ ಹೊಲದೀರಿ!"

ಸದಾ ಹೊಲಿಗೆ ಚೀಲದಲ್ಲಿದ್ದ ಫೋನದು. ನಾಲ್ಕು ವರ್ಷದ ನೂಲಿನ ಎಳೆಗಳು ಪೋರ್ಟಿನಲ್ಲಿ ಗಟ್ಟಿಯಾಗಿ ಕೂತಿದ್ದವು; ಚಾರ್ಜು ಹೇಗೋ ಏರುತ್ತಿತ್ತು, ಫೋಟೋ ದಾಟಲು ಸಂದಿ ಇರಲಿಲ್ಲ. ರಾಜಬಿ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. "ಒಳಗಿನ ತಗಡು ಕೆದರಬ್ಯಾಡ್ರಿ" ಎಂದು ನಬಿಲಾಲ ಹೇಳುವಷ್ಟರಲ್ಲಿ ಕೆಂಪು, ಹಳದಿ ಎಳೆಗಳು ಒಂದೊಂದಾಗಿ ಹೊರಬಂದವು. ಮತ್ತೆ ಕೇಬಲ್ ಹಚ್ಚಿದಾಗ ಕಂಪ್ಯೂಟರು ಟಣ್ ಎಂದಿತು. ರಾಜಬಿಗೆ ಹೋದ ಜೀವ ಬಂದಂತಾಯಿತು.

ನಬಿಲಾಲನ ಮುಖ ಮಾತ್ರ ಸಪ್ಪಗಾಯಿತು. ಫೋನಿನ ಹೆಸರು ಬಂದಿದೆ, ತೆರೆದರೆ ಒಳಗೆ ಖಾಲಿ.

"ಫೋಟೋ ಕೊಡ್ಲೋ ಬ್ಯಾಡೋ ಅಂತ ಫೋನು ನಿಮ್ಮನ್ನ ಕೇಳಾಕತ್ತೇತಿ. ಪರದೆ ಮ್ಯಾಲೆ ಹೂಂ ಅಂತ ಒತ್ತಬೇಕು. ಒತ್ತೋ ಜಾಗಾನ ಕಾಣವಲ್ದು."

"ಯಾರು ಏನ್ ಕೇಳಿದ್ರೂ ನಾ ಇಲ್ಲ ಅಂದಾಕಿ ಅಲ್ಲಪಾ. ಇದಕ್ಕ ಗೊತ್ತಿಲ್ಲೇನು?"

ಅವನು ತೋರಿಸಿದಲ್ಲೆಲ್ಲ ಅಂದಾಜಿನ ಮೇಲೆ ಒತ್ತಿದಳು. ಮೇಲೆ, ನಡುವೆ, ಕೆಳಗೆ. ಕತ್ತಲಲ್ಲೂ ಗಂಟು ಹುಡುಕಿ ಬಿಡಿಸುವ ಬೆರಳುಗಳಿಗೆ ಆ ನುಣುಪು ಗಾಜಿನಲ್ಲಿ ಏನೂ ಸಿಗಲಿಲ್ಲ. ಹೊಸ ಡಿಸ್‌ಪ್ಲೇ ಬರುವುದು ನಾಡಿದ್ದು. ಕೌದಿಗಳನ್ನೇ ಹುಡುಕೋಣವೆಂದರೆ ಕೂಸುಗಳ ಜೊತೆ ಊರೂರು ಸೇರಿವೆ, ಅರ್ಧಕ್ಕರ್ಧ ಹರಿದೂ ಹೋಗಿರಬೇಕು. ತನ್ನ ವಸ್ತು ತನ್ನ ಕೈಯಲ್ಲೇ ಇದ್ದೂ ತನಗೆ ದಕ್ಕುತ್ತಿಲ್ಲ. ಅರ್ಜಿಯಲ್ಲಿ ಅವಳ ಹೆಸರು, ಊರು ಎಲ್ಲ ತುಂಬಿತ್ತು. ಫೋಟೋಗಳ ಹತ್ತು ಚೌಕಗಳಷ್ಟೇ ಬಿಳಿಯಾಗಿ ಕೂತಿದ್ದವು.

ಐದಕ್ಕೆ ಹತ್ತು ನಿಮಿಷವಿರುವಾಗ ಫೋನು ರಿಂಗಾಯಿತು. ಹುಮಾಳೇ ಇರಬೇಕು, ಫೋಟೋ ಹೋದವೇ ಎಂದು ಕೇಳಲು ಈ ಹೊತ್ತಿಗೆ ಮಾಡುತ್ತೇನೆ ಎಂದು ಮೊನ್ನೆಯೇ ಹೇಳಿದ್ದಳು. ರಾಜಬಿ ಎಡಕ್ಕೆ ಎಳೆದಳು, ಬಲಕ್ಕೆ ಎಳೆದಳು, ಅಂಗೈಯಿಂದ ಒರೆಸಿದಳು.

"ತಡಿಯವ್ವಾ ಹುಮಾ, ಎತ್ತಾಕತ್ತೇನಿ" ಎಂದಳು ಆ ಕಪ್ಪು ಗಾಜಿಗೆ.

ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು.