ಮೊದಲು ‘ಬೇಡ’

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ರೀಸ್ಟಾರ್ಟ್ ಎಂದು. ಕೊರಳಲ್ಲಿ ತೂಗುತ್ತಿದ್ದ ಕಾರ್ಡಿನ ಮೇಲೆ ಹೆತ್ತವರಿಟ್ಟ ಹೆಸರೂ ಅದರ ಕೆಳಗೆ ‘ಸಿಸ್ಟಮ್ ಎಂಜಿನಿಯರ್’ ಎಂಬ ಬಿರುದೂ ಇದ್ದವು. ಎರಡನ್ನೂ ಯಾರೂ ಓದಿದಂತಿರಲಿಲ್ಲ. ಕಟ್ಟಡದಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ ಫೋನು ಇವನಿಗೆ ಬರುತ್ತಿತ್ತು. ಇವನು ಕುರ್ಚಿಯಿಂದ ಏಳದೆಯೇ, “ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ” ಎನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತಿತ್ತು. ಆ ಒಂಬತ್ತರ ಮೇಲೆ ಅವನ ಸಂಬಳ ನಿಂತಿತ್ತು. ಹತ್ತನೆಯದಕ್ಕಾಗಿ ಅವನೆಂದೂ ತಲೆ ಕೆಡಿಸಿಕೊಂಡವನಲ್ಲ.

ಹತ್ತನೆಯದು ಅವನ ಮನೆಯಲ್ಲೇ ಬಂತು.

ಬೆಳಿಗ್ಗೆ ಆಫೀಸಿಗೆ ಬಂದು ಚಹಾ ಹಿಡಿದು ಕೂತಿದ್ದಾಗ ಅಮ್ಮ ಫೋನ್ ಮಾಡಿದ್ದಳು. “ಅಕ್ಕನ ಕಂಪ್ಯೂಟರ್ ಬರ್ತಿಲ್ಲ ಕಣೋ. ಒಳಗಿಂದ ಟಕ್ ಟಕ್ ಅಂತಿದೆ.”

“ರೀಸ್ಟಾರ್ಟ್ ಮಾಡಮ್ಮ.”

“ಮಾಡ್ದೆ.”

“ಇನ್ನೊಂದ್ಸಲ ಮಾಡು. ಬರೋವರೆಗೂ ಮಾಡು.”

ಟಕ್ ಟಕ್ ಎಂಬ ಮಾತು ಅವನ ಕಿವಿಯವರೆಗೆ ಬಂದಿತ್ತು, ಒಳಗೆ ಹೋಗಿರಲಿಲ್ಲ. ಮಧ್ಯಾಹ್ನ ಅಮ್ಮ ಮತ್ತೆ ಫೋನ್ ಮಾಡಿದಾಗ ಆ ಸದ್ದು ಫೋನಿನಲ್ಲೇ ಕೇಳಿಸಿತು. ಗೋಡೆಯೊಳಗೆ ಯಾರೋ ಉಗುರಿನಿಂದ ಬಡಿದಂತಿತ್ತು. ಅದು ಹಾರ್ಡ್ ಡಿಸ್ಕು ಸಾಯುವ ಸದ್ದು. ಅಂಥ ಡಿಸ್ಕನ್ನು ಒಂದೊಂದು ಸಲ ಆನ್ ಮಾಡಿದಾಗಲೂ ಅದರ ಉಳಿದ ಆಯುಸ್ಸು ಸವೆಯುತ್ತದೆ.

“ಅಮ್ಮ, ಪ್ಲಗ್ ಕಿತ್ತು ಹಾಕು. ಈಗಲೇ. ಎಷ್ಟು ಸಲ ಮಾಡ್ದೆ?”

“ನೀನೇ ಹೇಳಿದ್ಯಲ್ಲೋ, ಬರೋವರೆಗೂ ಮಾಡು ಅಂತ. ಬೆಳಿಗ್ಗೆಯಿಂದ ಮಾಡ್ತಾನೇ ಇದೀನಿ.”

ಅರ್ಧ ದಿನದ ರಜೆ ಹಾಕಿ ಅವನು ಓಡಿದ.

ಆ ಕಂಪ್ಯೂಟರಿನೊಳಗೆ ಇದ್ದುದು ಅಕ್ಕನ ದನಿ.

ಅಕ್ಕ ಮೊದಲು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಸುಮ್ಮನೆ ಬಿಸಿಲಿಗೆ ನಿಂತವರನ್ನೂ ಒಳಗೆ ಕೂರಿಸಿ, ಕಾಲಳತೆ ತೆಗೆದು, ಮಾತಿನಲ್ಲೇ ಕಟ್ಟಿಹಾಕಿ ಪೆಟ್ಟಿಗೆ ಕೈಗಿಟ್ಟು ಕಳಿಸುತ್ತಿದ್ದಳು. “ಜನಕ್ಕೆ ಬೇಡ ಅನ್ನೋಕೆ ಬರಲ್ಲ ಕಣೋ,” ಎಂದು ಸಂಜೆ ಮನೆಗೆ ಬಂದು ಕಾಲು ನೀಡಿಕೊಂಡು ನಗುತ್ತಿದ್ದಳು. “ಬೇಡ ಅನ್ನೋಕೆ ಬರೋನು ಬರಿಗೈಲಿ ಹೋಗ್ತಾನೆ. ಬರದೇ ಇರೋನು ಎರಡು ಜೊತೆ ತಗೊಂಡು ಹೋಗ್ತಾನೆ. ನೀನು ಮೂರು ಜೊತೆಯೋನು.” ಅದು ಸುಳ್ಳಲ್ಲ. ಅವನ ಮಂಚದ ಕೆಳಗೆ ಆಗಲೇ ಮೂರು ಜೊತೆ ಇದ್ದವು, ಮೂರೂ ಕಚ್ಚುತ್ತಿದ್ದವು.

ಮೊದಲು ಅವಳ ಕೈಯಿಂದ ಪೆಟ್ಟಿಗೆಗಳು ಜಾರತೊಡಗಿದವು. ಆಮೇಲೆ ನಾಲಿಗೆ ತೊದಲಿತು. ನರಗಳ ಕಾಯಿಲೆ, ವಾಸಿಯಾಗುವಂಥದ್ದಲ್ಲ ಎಂದರು ವೈದ್ಯರು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸು ಮಾತ್ರ ಒಂದು ದಾರಿ ತೋರಿಸಿದಳು: ದನಿ ಇರುವಾಗಲೇ ಅದನ್ನು ಹಿಡಿದಿಟ್ಟುಕೊಳ್ಳಿ; ಮುಂದೆ ಒಂದು ಬೆರಳು ಆಡಿದರೂ ಸಾಕು, ಗುಂಡಿ ಒತ್ತಿ ನಿಮ್ಮ ದನಿಯಲ್ಲೇ ಮಾತಾಡಬಹುದು.

ಅಕ್ಕ ಹಟಕ್ಕೆ ಬಿದ್ದವಳಂತೆ ಕೂತಳು. ತೊದಲು ಕಡಿಮೆಯಿರುವ ಹೊತ್ತು ನೋಡಿಕೊಂಡು ಮೈಕಿನ ಮುಂದೆ ತನ್ನ ಮಾತನ್ನೆಲ್ಲ ಆಡಿ ಇಟ್ಟಳು. ಅವನ್ನು ಚಪ್ಪಲಿ ಪೆಟ್ಟಿಗೆ ಜೋಡಿಸಿದ ಹಾಗೆ ಫೋಲ್ಡರುಗಳಲ್ಲಿ ಜೋಡಿಸಿ ಹೆಸರಿಟ್ಟಳು: ಬೇಕು, ಬೇಡ, ಅಮ್ಮನಿಗೆ, ಬೈಗುಳ. ಕೊನೆಯದೊಂದನ್ನು ಮಾತ್ರ ಬಾಗಿಲು ಹಾಕಿಕೊಂಡು ಮಾಡಿದಳು. ಅದರ ಹೆಸರು ‘ಆಮೇಲೆ’. ಏನು ಆಮೇಲೆ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಈಗ ಅವಳಿಗೆ ಆಡುತ್ತಿದ್ದುದು ಹೆಬ್ಬೆರಳೊಂದೇ. ಅದರ ಕೆಳಗೆ ಬಾಗಿಲ ಗಂಟೆಯ ಗುಂಡಿಯೊಂದನ್ನು ತಮ್ಮನೇ ಕೂರಿಸಿಕೊಟ್ಟಿದ್ದ. ಪರದೆಯ ಮೇಲೆ ಬೆಳಕಿನ ಚೌಕವೊಂದು ಮಾತಿನಿಂದ ಮಾತಿಗೆ ತಾನಾಗಿ ಸರಿಯುತ್ತಿತ್ತು; ಬೇಕಾದ ಮಾತಿನ ಮೇಲೆ ಬಂದಾಗ ಅವಳು ಗುಂಡಿ ಒತ್ತಿದರೆ ಅದು ದನಿಯಾಗುತ್ತಿತ್ತು. ಇವನ ಎಂಜಿನಿಯರಿಂಗ್ ಬದುಕಿನಲ್ಲಿ ಹೇಳಿಕೊಳ್ಳುವಂಥ ಕೆಲಸ ಅದೊಂದೇ. ಆ ದನಿಗಳ ಇನ್ನೊಂದು ಪ್ರತಿ ತೆಗೆದಿಡುವುದು ಮಾತ್ರ ಇವನಿಗೆ ಹೊಳೆದಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಅಕ್ಕನಿಗೆ ಸೂಪು ಕುಡಿಸುತ್ತಿದ್ದಳು. ಅಕ್ಕ ಕಣ್ಣು ಮುಚ್ಚಿದ್ದಳು. ಕಂಪ್ಯೂಟರ್ ಇಲ್ಲದಾಗ ಮನೆಯಲ್ಲಿ ಒಂದು ಏರ್ಪಾಡಿತ್ತು: ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ. ಆದರೆ ಮನುಷ್ಯರು ನಿದ್ದೆಗೂ ಕಣ್ಣು ಮುಚ್ಚುತ್ತಾರೆ, ದಣಿವಿಗೂ ಮುಚ್ಚುತ್ತಾರೆ.

“ರುಚಿಯಾಗಿದೆ ಅಂತ ಹೇಗೆ ಕಣ್ಣು ಮುಚ್ಕೊಂಡು ಕುಡೀತಿದಾಳೆ ನೋಡು,” ಎಂದು ಅಮ್ಮ ಇನ್ನೊಂದು ಚಮಚ ಇಟ್ಟಳು. ಸೂಪು ಬಾಯಂಚಿನಿಂದ ಇಳಿದು ಕತ್ತಿಗೆ ಸುತ್ತಿದ್ದ ಬಟ್ಟೆಯನ್ನು ಸೇರಿತು. ಅಕ್ಕ ಕಣ್ಣು ತೆರೆದು ತಮ್ಮನನ್ನು ನೋಡಿದಳು. ಮತ್ತೆ ಬಿಗಿಯಾಗಿ ಮುಚ್ಚಿದಳು.

“ಅಮ್ಮ, ಸಾಕಂತೆ ಬಿಡು,” ಎಂದ ಅವನು.

ಅಮ್ಮನ ಕೈ ಹಾಗೇ ನಿಂತಿತು. “ಬೆಳಿಗ್ಗೆ ಹಾಲು ಕುಡಿಸೋವಾಗ್ಲೂ ಹೀಗೇ ಮುಚ್ಚಿದ್ಲಲ್ಲೋ,” ಎಂದಳು ಮೆಲ್ಲಗೆ. “ಪೂರ್ತಿ ಲೋಟ ಕುಡಿಸಿಬಿಟ್ಟೆ.”

ಅವನು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತ. “ಅಕ್ಕ, ಡಿಸ್ಕು ಹೋಗ್ತಿದೆ. ತಪ್ಪು ನನ್ನದು, ಅಮ್ಮನದಲ್ಲ. ದೂರದಲ್ಲಿ ಒಂದು ಲ್ಯಾಬ್ ಇದೆ, ಡಿಸ್ಕ್ ಬಿಚ್ಚಿ ಒಳಗಿರೋದನ್ನ ತೆಗೆಯೋರು. ವಾರಗಟ್ಟಲೆ ಆಗುತ್ತೆ. ಕಳಿಸ್ಲಾ?”

ಕಣ್ಣು ಮುಚ್ಚಿದವು.

“ಇಲ್ಲೇ ಮಾಡಿದ್ರೆ ಎಲ್ಲಾ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ. ಆದ್ರೂ ಮಾಡ್ಲಾ?”

ಕಣ್ಣು ಮೇಲೆ ಹೋದವು. ಅಲ್ಲೇ ನಿಂತವು.

ಮಾಡಬೇಕಾದ್ದು ಇಷ್ಟು. ಕಂಪ್ಯೂಟರು ಏಳುವಾಗ ತನ್ನನ್ನು ನಡೆಸುವ ಸಿಸ್ಟಮನ್ನು ಡಿಸ್ಕಿನೊಳಗೆ ಹುಡುಕುತ್ತದೆ. ಅದು ಕೆಟ್ಟಿದ್ದರೆ ಹೊರಗಿನ ಸಿ.ಡಿ.ಯೊಂದರಿಂದಲೂ ಏಳಬಲ್ಲದು. ಆಗ ಡಿಸ್ಕಿಗೆ ಹೊರೆಯಾಗದಂತೆ ಅದರಿಂದ ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳಬಹುದು. ಬಳಿಕ ಹೊಸ ಡಿಸ್ಕು ಕೂರಿಸಿ ಅದೇ ಸಿ.ಡಿ.ಯಿಂದ ಹೊಸ ಸಿಸ್ಟಮ್ ಹಾಕಬಹುದು. ಏಳುವ ಹೊತ್ತಿನಲ್ಲಿ ಈ ಹಳೆಯ ಯಂತ್ರ ಪೆನ್‌ಡ್ರೈವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಸಿ.ಡಿ.ಯೇ ಆಗಬೇಕು. ಖಾಲಿ ಸಿ.ಡಿ. ಕೇಳಿದರೆ ಮೊಬೈಲು ಅಂಗಡಿಯವನು ಬೇರೆ ಯುಗದವನನ್ನು ನೋಡಿದಂತೆ ನೋಡಿದ. ಕೊನೆಗೆ ದಾರಿ ತೋರಿದ್ದು ಬೀದಿ ತುದಿಯ ಫೋಟೊ ಸ್ಟುಡಿಯೊ. ಅದರ ಯಜಮಾನರು ಮದುವೆಯ ವಿಡಿಯೊಗಳನ್ನು ಈಗಲೂ ಸಿ.ಡಿ.ಯಲ್ಲೇ ಕೊಡುತ್ತಿದ್ದರು.

“ಖಾಲಿ ಸಿ.ಡಿ. ಇದೆ, ಬರೆಯೋ ಡ್ರೈವೂ ಇದೆ. ನೀನೇ ಕೂತ್ಕೊಂಡು ಬರ್ಕೋ. ಎಂಜಿನಿಯರಲ್ವಾ,” ಎಂದು ಕುರ್ಚಿ ಬಿಟ್ಟುಕೊಟ್ಟರು.

ಅವನು ಡೌನ್‌ಲೋಡ್ ಮಾಡಿ ತಂದಿದ್ದ ಸಿಸ್ಟಮಿನ ಫೈಲನ್ನು ಎಳೆದು ಸಿ.ಡಿ.ಯ ಮೇಲೆ ಬಿಟ್ಟ. ಬರೆಯಿತು. ಥ್ಯಾಂಕ್ಸ್ ಹೇಳಿ ಓಡಿದ. ಮನೆಯಲ್ಲಿ ಬುದ್ಧಿಯ ಕೆಲಸವೊಂದನ್ನಾದರೂ ಮಾಡಿದ: ಹಾರ್ಡ್ ಡಿಸ್ಕಿನ ವೈರು ಕಿತ್ತು, ಮೊದಲು ಬರೀ ಸಿ.ಡಿ.ಯನ್ನು ಪರೀಕ್ಷಿಸಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು: ಏಳಲು ಏನೂ ಸಿಗಲಿಲ್ಲ.

ಮರಳಿ ಹೋದಾಗ ಸ್ಟುಡಿಯೊ ಯಜಮಾನರು ಗಲ್ಲಾದಿಂದಲೇ ಕೇಳಿದರು. “ಏನಪ್ಪಾ, ಇಷ್ಟು ಬೇಗ?”

“ಏಳ್ತಿಲ್ಲ ಸಾರ್.”

“ಫೈಲನ್ನ ಹಾಗೇ ಹಾಕಿದ್ಯಾ, ಇಮೇಜ್ ಅಂತ ಬರೆದ್ಯಾ?”

ಅವನ ಕಿವಿ ಕೆಂಪಾಯಿತು. ಆ ಫೈಲು ಇಡೀ ಸಿ.ಡಿ.ಯೊಂದರ ಅಚ್ಚು. ಅದನ್ನು ಬಿಚ್ಚಿ ಹಾಸಿದಂತೆ ಬರೆಯಬೇಕು. ಬರೀ ಫೈಲಾಗಿ ಇಟ್ಟರೆ ಚಪ್ಪಲಿಯನ್ನು ಪೆಟ್ಟಿಗೆಯ ಸಮೇತ ಕಾಲಿಗೆ ಕಟ್ಟಿಕೊಂಡಂತೆ. ಕಾಲೇಜಿನಲ್ಲಿ ಇದನ್ನು ಕಲಿತಿದ್ದ, ಇದರ ಮೇಲೆ ಅಂಕಗಳನ್ನೂ ಪಡೆದಿದ್ದ. ರೀಸ್ಟಾರ್ಟ್ ಎಂಬ ಒಂದೇ ಮಂತ್ರದಲ್ಲಿ ಹೊಟ್ಟೆ ತುಂಬುತ್ತಿದ್ದುದರಿಂದ ಉಳಿದದ್ದೆಲ್ಲ ತಲೆಯಿಂದ ಇಳಿದುಹೋಗಿತ್ತು.

“ಗಾಬರೀಲಿ ಆಗುತ್ತೆ ಬಿಡು,” ಎಂದರು ಯಜಮಾನರು, ನಗದೆ. “ಈ ಸಲ ನಿಧಾನದ ಸ್ಪೀಡ್ ಹಾಕು. ನನ್ನದು ಹಳೇ ಡ್ರೈವು, ಅವಸರ ಮಾಡಿದ್ರೆ ಗೀಚಿಬಿಡುತ್ತೆ. ಯಾರಿಗೆ ಇದು?”

“ಅಕ್ಕನಿಗೆ.”

ಆ ಬೀದಿಯಲ್ಲಿ ಅಕ್ಕನಿಂದ ಚಪ್ಪಲಿ ಕೊಳ್ಳದವರಿರಲಿಲ್ಲ. ಯಜಮಾನರು ತಮ್ಮ ಕಾಲಿನತ್ತ ಒಮ್ಮೆ ನೋಡಿಕೊಂಡರು. ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಬಂದ ಗಿರಾಕಿಯೊಬ್ಬರಿಗೆ ಆಮೇಲೆ ಬನ್ನಿ ಎಂದು ಕೈಸನ್ನೆ ಮಾಡಿದರು.

ಎರಡನೆಯ ಸಿ.ಡಿ. ಎದ್ದಿತು. ಪರದೆಯ ಮೇಲೆ ಬಣ್ಣ ಬಂದಾಗ ಅಮ್ಮ ಕೈ ಮುಗಿದಳು. ಅವನು ಯಂತ್ರವನ್ನು ಆರಿಸಿ, ಹಾರ್ಡ್ ಡಿಸ್ಕಿನ ವೈರನ್ನು ಮತ್ತೆ ಕೂರಿಸಿ, ದನಿಗಳನ್ನು ಇಳಿಸಿಕೊಳ್ಳಲು ಪೆನ್‌ಡ್ರೈವ್ ಸಿಕ್ಕಿಸಿ, ಗುಂಡಿ ಒತ್ತಿದ. ಟಕ್. ಟಕ್. ಆಮೇಲೆ ಗುಂಯ್‌ಗುಡುವ ಸದ್ದು. ಫೋಲ್ಡರುಗಳು ಒಂದೊಂದಾಗಿ ಮೂಡಿದವು. ಅಕ್ಕ ಇಟ್ಟ ಹೆಸರುಗಳೇ.

ಮೊದಲು ಒಂದು ಚಿಕ್ಕ ಫೈಲನ್ನು ಎಳೆದು ನೋಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಬರಬೇಕಾದ್ದು ತೆವಳಿಕೊಂಡು ಬಂತು. ಎಲ್ಲವೂ ಬರುವಷ್ಟು ಹೊತ್ತು ಈ ಡಿಸ್ಕು ತಾಳುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಮೊದಲು ಯಾವುದನ್ನು ಎತ್ತಿಕೊಂಡರೆ ಅದು ಉಳಿಯುತ್ತದೆ. ಕೊನೆಗಿಟ್ಟದ್ದು ಹೋಗುತ್ತದೆ.

ಅವನ ಕೈ ತಾನಾಗಿಯೇ ‘ಆಮೇಲೆ’ಯ ಹತ್ತಿರ ಹೋಯಿತು. ನೀರು ಬೇಕೆಂಬುದನ್ನು ಹೇಗಾದರೂ ತಿಳಿದುಕೊಳ್ಳಬಹುದು. ಅಕ್ಕನೇ ಇಲ್ಲದ ಮೇಲೆ ಅಕ್ಕನನ್ನು ಕೇಳುವುದೆಲ್ಲಿಂದ? ಅಮ್ಮನೂ ಬೆನ್ನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದಳು. “ಅದನ್ನೇ ತಗೋ,” ಎಂದು ಪಿಸುಗುಟ್ಟಿದಳು. ಅವನು ಗುಂಡಿ ಒತ್ತುವವನಿದ್ದ. ಅಷ್ಟರಲ್ಲಿ, ಅಕ್ಕನನ್ನು ಇನ್ನೂ ಕೇಳದೆ ಬಿಟ್ಟ ಪ್ರಶ್ನೆಯೊಂದು ನೆನಪಾಗಿ ತಿರುಗಿದ.

“ಅಕ್ಕ, ಎಲ್ಲಾ ಬರಲ್ಲ. ಯಾವುದು ಮೊದಲು? ‘ಆಮೇಲೆ’ ತೆಗೀಲಾ?”

ಅಕ್ಕ ಕಣ್ಣು ಮುಚ್ಚಿದಳು.

“ದಣಿವಾಗಿದೆಯೋ ಏನೋ,” ಎಂದಳು ಅಮ್ಮ.

“ಇರಮ್ಮ. ಅಕ್ಕ, ‘ಅಮ್ಮನಿಗೆ’?”

ಕಣ್ಣು ತೆರೆದು ಅಮ್ಮನನ್ನು ಒಮ್ಮೆ ನೋಡಿದವು. ಮುಚ್ಚಿಕೊಂಡವು.

“‘ಬೇಕು’?”

ಮುಚ್ಚಿಯೇ ಇದ್ದವು.

“‘ಬೇಡ’?”

ಕಣ್ಣು ತೆರೆದವು. ಮೇಲೆ, ಬೆಳಕು ಬೀಳುತ್ತಿದ್ದ ಕಿಟಕಿಯ ನೆತ್ತಿಯವರೆಗೂ ಹೋದವು.

ಅವನಿಗೆ ಅರ್ಥವಾಗಲಿಲ್ಲ. ಕತ್ತಿನ ಬಟ್ಟೆಯ ಮೇಲೆ ಒಣಗುತ್ತಿದ್ದ ಸೂಪಿನ ಕಲೆ ಕಣ್ಣಿಗೆ ಬಿದ್ದ ಮೇಲೆ ಆಯಿತು. ಬೇಕಾದ್ದನ್ನು ಎಲ್ಲರೂ ಊಹಿಸುತ್ತಾರೆ: ನೀರು, ಹೊದಿಕೆ, ಗಾಳಿ. ಊಹಿಸಿ ತಂದು ಸುರಿಯುತ್ತಾರೆ, ಪ್ರೀತಿಯಿಂದಲೇ. ಅವರನ್ನು ತಡೆಯಲು ಅವಳ ಬಳಿ ಇದ್ದುದು ಎರಡು ರೆಪ್ಪೆ. ಜನರ ‘ಬೇಡ’ವನ್ನು ಮುರಿದೇ ಅನ್ನ ತಿಂದವಳು ಅವಳು. ಅದಿಲ್ಲದವನ ಗತಿ ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

‘ಬೇಡ’ ಬರತೊಡಗಿತು. ಒಂದೊಂದು ಫೈಲಿನ ಹೆಸರೂ ಪರದೆಯ ಮೇಲೆ ಹಾಯುತ್ತಿತ್ತು: ಬೇಡ. ಬೇಡಮ್ಮ. ಈಗ ಬೇಡ. ಮುಟ್ಟಬೇಡ. ಫ್ಯಾನ್ ಬೇಡ. ನೆಂಟರು ಬೇಡ. ನನ್ನ ಬಗ್ಗೆ ನನ್ನ ಮುಂದೆ ಮಾತು ಬೇಡ. ಅಮ್ಮ ಒಂದೊಂದನ್ನೂ ಓದುತ್ತ ಮಂಚದ ಅಂಚಿಗೆ ಕೂತುಬಿಟ್ಟಳು.

ಅದು ಪೂರ್ತಿ ಬಂದ ಮೇಲೆ ಅವನು ಮತ್ತೆ ಕೇಳಿದ. ಎರಡನೆಯದು ‘ಬೈಗುಳ’ ಎಂದವು ಅಕ್ಕನ ಕಣ್ಣು. ಅವನಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಅದೂ ಬಂತು. ಮೂರನೆಯದು ‘ಅಮ್ಮನಿಗೆ’. ಅದರ ನಡುವೆ ಟಕ್ ಎಂಬ ಸದ್ದು ಮತ್ತೆ ಶುರುವಾಯಿತು, ಬೇಗ ಬೇಗ ಆಯಿತು, ಆಮೇಲೆ ಸವೆದ ಚಕ್ರದಂತೆ ಕಿರ್ರೆಂದು ನಿಂತಿತು. ಪರದೆಯ ಮೇಲಿನ ಫೋಲ್ಡರುಗಳು ಬಿಳಿಚಿಕೊಂಡವು. ಅವನು ಆರಿಸಿದ, ತಂಪಾಗಲೆಂದು ಕಾದ, ಮತ್ತೆ ಹಾಕಿದ. ಡಿಸ್ಕು ಇದೆಯೆಂದೇ ಯಂತ್ರ ಒಪ್ಪಲಿಲ್ಲ. ಮೂರನೆಯ ಸಲ ಹಾಕಲು ಹೋದ ಕೈಯನ್ನು ಅವನೇ ಹಿಂದಕ್ಕೆಳೆದುಕೊಂಡ.

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

ಮರುದಿನ ಹೊಸ ಡಿಸ್ಕು ತಂದು, ಅದೇ ಸಿ.ಡಿ.ಯಿಂದ ಸಿಸ್ಟಮ್ ಹಾಕಿ, ಆಸ್ಪತ್ರೆಯ ಹೆಂಗಸು ಕೊಟ್ಟಿದ್ದ ಮಾತಿನ ಪ್ರೋಗ್ರಾಮ್ ಕೂರಿಸಿ, ಉಳಿದ ದನಿಗಳನ್ನು ಅದರೊಳಗೆ ತುಂಬಿದ. ಗುಂಡಿಯನ್ನು ಅಕ್ಕನ ಹೆಬ್ಬೆರಳಿನ ಕೆಳಗಿಟ್ಟ. ಅವಳೇನೂ ಅವಸರ ಮಾಡಲಿಲ್ಲ. ಅಮ್ಮ ಬಟ್ಟಲು ತಂದು ಒಂದು ಚಮಚ, ಎರಡು ಚಮಚ ಕುಡಿಸಿದಳು. ಮೂರನೆಯದು ತುಟಿಯ ಹತ್ತಿರ ಬಂದಾಗ ಹೆಬ್ಬೆರಳು ಅಲುಗಿತು.

“ಬೇಡಮ್ಮ, ಸಾಕು.”

ಕೊಂಚ ತೊದಲು ಬೆರೆತ, ಅಂಗಡಿಯ ಬಾಗಿಲಿನವರೆಗೂ ಕೇಳುತ್ತಿದ್ದ ಅದೇ ದನಿ. ಅಮ್ಮ ಚಮಚವನ್ನು ಬಟ್ಟಲಿಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಸಾಕಾದ್ರೆ ಸಾಕು ಬಿಡೇ. ಇಗೋ, ಇಟ್ಟೆ,” ಎಂದಳು ಬಟ್ಟೆಯೊಳಗಿಂದಲೇ.

ಸತ್ತ ಡಿಸ್ಕನ್ನು ಅವನು ಬಟ್ಟೆಯಲ್ಲಿ ಸುತ್ತಿ ಆಫೀಸಿನ ಬ್ಯಾಗಿಗೆ ಹಾಕಿಕೊಂಡಿದ್ದ. “ಅಕ್ಕ, ಇದನ್ನ ಆ ಲ್ಯಾಬಿಗೆ ಕಳಿಸ್ತೀನಿ. ‘ಆಮೇಲೆ’ ಅದರಲ್ಲೇ ಇದೆ. ತೆಗೆಯೋಕೆ ಆದ್ರೂ ಆಗಬಹುದು.”

ಪರದೆಯ ಮೇಲೆ ಬೆಳಕಿನ ಚೌಕ ಸಾಲಿನಿಂದ ಸಾಲಿಗೆ ಇಳಿಯಿತು. ನಿಂತಿತು.

“ಬೇಡ ಅಂದ್ರೆ ಬೇಡ. ಬೇರೆ ಅಂಗಡಿ ನೋಡ್ಕೋ.”

ಅವನು ಬ್ಯಾಗಿನಿಂದ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟ. ಅದು ಕೈಗೆ ತಣ್ಣಗಿತ್ತು. ಪರದೆಯತ್ತ ನೋಡದೆ ಕೇಳಿದ.

“ಏನಿತ್ತಕ್ಕ ಅದರಲ್ಲಿ?”

ಅವಳಿಗೆ ಉಳಿದ ಮಾತುಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬೆಳಕಿನ ಚೌಕ ‘ಬೇಡ’ವನ್ನು ದಾಟಿತು, ‘ಅಮ್ಮನಿಗೆ’ಯಲ್ಲಿ ಉಳಿದ ಅರ್ಧವನ್ನು ದಾಟಿತು, ‘ಬೈಗುಳ’ದೊಳಗೆ ಹೋಗಿ ಕೆಳಕೆಳಗೆ ಇಳಿಯುತ್ತ ತುಂಬ ಹೊತ್ತು ಹುಡುಕಿತು. ಅಕ್ಕ ಅವನ ಮುಖದಿಂದ ಕಣ್ಣು ತೆಗೆಯದೆ ಹೆಬ್ಬೆರಳು ಒತ್ತಿದಳು.

“ಪೆದ್ದ,” ಎಂದಿತು ಅವಳ ದನಿ.